ಗೀಜಗ ಗೂಡು ಕಟ್ಟಿತು, ಬಿತ್ತಬಹುದೇ?

ಕೂಡ್ಲಿಗಿ: ಬಾವಿಯ ಮೇಲೆ ಬಾಗಿದ ಜಾಲಿಯ ಟೊಂಗೆಯಲ್ಲಿ ಗೀಜಗ ಗೂಡು ನೇಯತೊಡಗಿದರೆ ಮಳೆಗಾಲ ಕೂಡಿಬಂತು ಎನ್ನುವುದು ಹಳ್ಳಿಗಳಲ್ಲಿ ತಲೆಮಾರುಗಳಿಂದ ನಡೆದುಬಂದ ನಂಬಿಕೆ. ನಗರವಾಸಿಗಳಿಗೆ ಇದು ಕುತೂಹಲದ ಸಂಗತಿಯಷ್ಟೇ ಆಗಿರಬಹುದು. ಆದರೆ ಬೀಜ, ಗೊಬ್ಬರಕ್ಕೆ ಸಾಲ ತಂದು ಮುಗಿಲು ನೋಡುತ್ತ ಕುಳಿತ ರೈತನಿಗೆ ಇದು ವರ್ಷದ ಅನ್ನದ ಪ್ರಶ್ನೆ. ಹಕ್ಕಿಯ ಸೂಚನೆಯನ್ನು ಎಷ್ಟರಮಟ್ಟಿಗೆ ನಂಬಬಹುದು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ಈ ಸೀಮೆಯಲ್ಲಿ ಮುಂಗಾರಿನ ಆರಂಭ ದುರ್ಬಲ. ಸಾಮಾನ್ಯವಾಗಿ ಸೆಪ್ಟೆಂಬರ್ ತಿಂಗಳಲ್ಲೇ ಮಳೆ ಹೆಚ್ಚು. ತುಂಗಭದ್ರೆ ಅಂಚಿನಲ್ಲಿ ಹರಿದರೂ ಬಹುಪಾಲು ಹೊಲಗಳಿಗೆ ಮಳೆಯೇ ಆಸರೆ. ಮಸಾರಿ ಹೊಲದಲ್ಲಿ ಶೇಂಗಾ, ಮೆಕ್ಕೆಜೋಳ ಬಿತ್ತುವವರಿಗೆ ಹದ ಮಳೆಯ ದಿನವನ್ನು ಗುರುತಿಸುವುದೇ ದೊಡ್ಡ ಸವಾಲು.

ಆದ್ದರಿಂದಲೇ ಇಲ್ಲಿ ಮಳೆಯನ್ನು ಅರಿಯುವ ದಾರಿಗಳು ಹಲವು. ಭರಣಿಯಿಂದ ಮೊದಲ್ಗೊಂಡು ಒಂದೊಂದು ನಕ್ಷತ್ರಕ್ಕೆ ಹದಿಮೂರು-ಹದಿನಾಲ್ಕು ದಿನಗಳಂತೆ ಮಳೆಯ ಲೆಕ್ಕ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಎಂಬ ಗಾದೆ ಹುಟ್ಟಿದ್ದು ಈ ಲೆಕ್ಕದಿಂದಲೇ. ಹಡಗಲಿ ತಾಲ್ಲೂಕಿನ ಮೈಲಾರ ಜಾತ್ರೆಯಲ್ಲಿ ಬಿಲ್ಲನ್ನೇರಿದ ಗೊರವಯ್ಯ ನುಡಿಯುವ ಕಾರ್ಣಿಕದಲ್ಲಿಯೂ ಜನರು ಮಳೆ-ಬೆಳೆಯ ಅರ್ಥವನ್ನು ಹುಡುಕುತ್ತಾರೆ. ಇವುಗಳ ಜೊತೆಗೆ ಹಿತ್ತಲಿನ ಹಕ್ಕಿಗಳೂ ಸೇರುತ್ತವೆ.

ಹಕ್ಕಿಯ ಲೆಕ್ಕವೇ ಬೇರೆ

ಗೀಜಗ ಮಳೆಗಾಲದಲ್ಲಿ ಗೂಡು ಕಟ್ಟುವುದಕ್ಕೆ ಸ್ಪಷ್ಟ ಕಾರಣವಿದೆ. ನೇಯ್ಗೆಗೆ ಉದ್ದನೆಯ ಹಸಿ ಹುಲ್ಲಿನ ಎಳೆ ಬೇಕು. ಮರಿಗಳಿಗೆ ಹುಳು-ಹುಪ್ಪಟೆ ಬೇಕು. ಇವೆರಡೂ ದೊರೆಯುವುದು ಮಳೆ ಬಿದ್ದ ಮೇಲೆ. ಗಂಡು ಹಕ್ಕಿ ಅರ್ಧ ನೇಯ್ದ ಗೂಡನ್ನು ಹೆಣ್ಣು ಬಂದು ಪರೀಕ್ಷಿಸಿ, ಒಪ್ಪಿದ ನಂತರವೇ ಅದು ಪೂರ್ಣಗೊಳ್ಳುತ್ತದೆ. ಹೀಗಾಗಿ ಗೂಡು ಬಿದ್ದ ಮಳೆಗೆ ಸಾಕ್ಷಿಯೇ ಹೊರತು ಬರಲಿರುವ ಮಳೆಗೆ ಖಾತರಿಯಲ್ಲ.

ಚಾತಕದ್ದೂ ಇದೇ ಕಥೆ. ಆಫ್ರಿಕಾದಿಂದ ಮುಂಗಾರಿನೊಂದಿಗೆ ಉತ್ತರ ಹಾಗೂ ಮಧ್ಯ ಭಾರತಕ್ಕೆ ಬರುವ ಚಾತಕವನ್ನು ಅಲ್ಲಿ ಮಳೆಯ ದೂತನೆನ್ನುವುದರಲ್ಲಿ ಅರ್ಥವಿದೆ. ಆದರೆ ದಕ್ಷಿಣ ಭಾರತದಲ್ಲಿ ವರ್ಷವಿಡೀ ನೆಲೆಸುವ ಚಾತಕಗಳೂ ಇರುವುದರಿಂದ ಇಲ್ಲಿ ಅದರ ಕೂಗು ಅಷ್ಟು ಖಚಿತವಾದ ಸೂಚನೆಯಲ್ಲ. ಗುಬ್ಬಚ್ಚಿ ಧೂಳಿನಲ್ಲಿ ಹೊರಳಿದರೆ ಮಳೆ ಎನ್ನುವುದುಂಟು. ಗರಿಗಳ ಜಿಡ್ಡು ಮತ್ತು ಹೇನುಗಳನ್ನು ಕಳೆದುಕೊಳ್ಳಲು ಒಣ ದಿನಗಳಲ್ಲೆಲ್ಲ ಅದು ಹಾಗೆ ಮಾಡುತ್ತದೆ.

ಅಂಕಸಮುದ್ರದ ಸಾಕ್ಷ್ಯ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯೂ ಇದನ್ನೇ ಹೇಳುತ್ತದೆ. ತುಂಗಭದ್ರಾ ಹಿನ್ನೀರಿಗೆ ಹೊಂದಿಕೊಂಡಿರುವ, ಶತಮಾನಗಳ ಹಿಂದೆ ನೀರಾವರಿಗಾಗಿ ಕಟ್ಟಿದ, ಸುಮಾರು 244 ಎಕರೆಯ ಈ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಿತ ಪ್ರದೇಶವಾಯಿತು; 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. 240ಕ್ಕೂ ಹೆಚ್ಚು ಪ್ರಭೇದದ ಪಕ್ಷಿಗಳು ಇಲ್ಲಿ ದಾಖಲಾಗಿವೆ. ಬಣ್ಣದ ಕೊಕ್ಕರೆ, ಬಿಳಿ ಕೆಂಬರಲುಗಳು ನೀರಿನ ನಡುವಿನ ಜಾಲಿ ಮರಗಳನ್ನು ಆಶ್ರಯಿಸುತ್ತವೆ. ಸುತ್ತ ನೀರಿದ್ದರೆ ಗೂಡುಗಳಿಗೆ ನೆಲದ ಶತ್ರುಗಳ ಕಾಟ ಕಡಿಮೆ. ಇಲ್ಲಿಯೂ ಹಕ್ಕಿ ನಂಬುವುದು ನಿಂತ ನೀರನ್ನು, ಬರಲಿರುವ ಮೋಡವನ್ನಲ್ಲ.

2023ರ ಪಾಠ

ಈ ವ್ಯತ್ಯಾಸ ಎಷ್ಟು ದುಬಾರಿಯೆಂಬುದನ್ನು 2023 ತೋರಿಸಿಕೊಟ್ಟಿತು. ಆ ವರ್ಷ ಮುಂಗಾರು ಜೂನ್ 8ರಂದು ತಡವಾಗಿ ಕೇರಳ ಪ್ರವೇಶಿಸಿತು. ಜುಲೈನಲ್ಲಿ ಮಳೆ ಚೇತರಿಸಿಕೊಂಡಿತಾದರೂ ಆಗಸ್ಟ್ ಕೈಕೊಟ್ಟಿತು. 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಅದು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. ಮೊದಲ ಮಳೆಗೆ ಚಿಗುರಿದ ಹುಲ್ಲು ಗೀಜಗಕ್ಕೆ ಗೂಡಿಗೆ ಸಾಕು. ಶೇಂಗಾ ಬಳ್ಳಿಗೆ ಹೂಬಿಟ್ಟು ಕಾಯಿ ಕಟ್ಟುವವರೆಗೆ ತೇವ ಬೇಕು.

ಹಾಗೆಂದು ಹಿರಿಯರ ಅನುಭವವನ್ನು ತಳ್ಳಿಹಾಕುವಂತಿಲ್ಲ. ಹಕ್ಕಿಗಳು ಋತು ಬದಲಾಗಿದೆಯೆಂದು ತಿಳಿಸುತ್ತವೆ. ಆದರೆ ಮುಂದಿನ ವಾರದ ಮಾತನ್ನು ಹೇಳಲಾರವು. ಅದಕ್ಕೆ ಹವಾಮಾನ ಇಲಾಖೆಯ ಮುನ್ಸೂಚನೆಯಿದೆ. 2019ರಲ್ಲಿ ರೈತರಿಗಾಗಿ ಬಿಡುಗಡೆಯಾದ ‘ಮೇಘದೂತ್’ ಆ್ಯಪ್ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಳವಡಿಸಿರುವ ಮಳೆಮಾಪಕಗಳಿವೆ. ಇವೂ ತಪ್ಪಬಹುದು, ಪಕ್ಕದೂರಿಗೆ ಸುರಿದ ಮಳೆ ನಮ್ಮೂರ ಗಡಿ ದಾಟದಿರುವುದು ಇಲ್ಲಿ ಹೊಸದೇನಲ್ಲ.

ಕೊನೆಗೆ ಉಳಿಯುವುದು ಹೊಲದ ಮಣ್ಣು. ಗೀಜಗನ ಗೂಡು ಕಂಡ ದಿನ ಹಾರೆ ಹಿಡಿದು ನೆಲ ಅಗೆದು, ತೇವ ಎಷ್ಟು ಆಳಕ್ಕೆ ಇಳಿದಿದೆಯೆಂದು ನೋಡಿ, ಮುಂದಿನ ದಿನಗಳ ಮುನ್ಸೂಚನೆಯನ್ನೂ ಕೇಳಿ ಕೂರಿಗೆ ಹೂಡುವುದೇ ಕ್ಷೇಮ. ಗೂಡು ಹಾಳಾದರೆ ಹಕ್ಕಿ ಮತ್ತೊಂದು ನೇಯಬಲ್ಲದು. ಮೊಳೆತ ಬೀಜ ಒಣಗಿದರೆ ರೈತ ಮತ್ತೆ ಸಾಲಕ್ಕೆ ಕೈಚಾಚಬೇಕಾಗುತ್ತದೆ.