ಇಂಗ್ಲೆಂಡಿನ ಇಗರ್ಜಿಗಳಲ್ಲಿ ಕಲ್ನಾರು

ಕಲ್ಲಿನಂತೆ ಅಗೆಯಲ್ಪಟ್ಟು ನಾರಿನಂತೆ ಬಿಡಿಸಲ್ಪಡುವ ಆಸ್‌ಬೆಸ್ಟಾಸಿಗೆ ಕನ್ನಡದ ಕಲ್ನಾರೆಂಬ ಹೆಸರು ಅನ್ವರ್ಥವಾಗಿದೆ. ಗ್ರೀಕ್ ಮೂಲಪದಕ್ಕೆ ನಂದಿಸಲಾಗದುದೆಂದರ್ಥ. ಇಂಗ್ಲೆಂಡಿನ ಪ್ರಾಚೀನ ಶಿಲಾಮಂದಿರಗಳಾದ ಇಗರ್ಜಿಗಳಲ್ಲಿ ಇದಕ್ಕೆಡೆಯಿಲ್ಲವೆಂದು ತೋರಬಹುದು. ಅದು ಸರಿಯಲ್ಲ. ಗೋಡೆಗಳು ಹಳೆಯವಾದರೂ ಅವನ್ನು ಬೆಚ್ಚಗಿಡುವ ಏರ್ಪಾಡು ಈಚಿನದು. ನೆಲಮಾಳಿಗೆಯ ಬಾಯ್ಲರು, ಬಿಸಿನೀರ ಕೊಳವೆಗಳ ಹೊದಿಕೆ, ಆರ್ಗನ್ ವಾದ್ಯಕ್ಕೆ ಗಾಳಿಯೂಡುವ ಯಂತ್ರದ ಪೆಟ್ಟಿಗೆಯ ಒಳಮೈ (ಇದನ್ನು ಶಂಕಿಸುವವರು ವಿರಳ) ಇವೇ ಅದರ ನೆಲೆಗಳು.

ಬ್ರಿಟನ್ನಿನಲ್ಲಿ ನೀಲಿ ಮತ್ತು ಕಂದು ಕಲ್ನಾರು 1985ರಲ್ಲಿಯೂ ಬಿಳಿಯದು 1999ರಲ್ಲಿಯೂ ನಿಷಿದ್ಧವಾದುವು. ಆದರೆ ಹಿಂದೆ ಕೂಡಿಸಿದುದನ್ನೆಲ್ಲ ಕಿತ್ತೊಗೆಯಬೇಕೆಂಬ ವಿಧಿಯಿಲ್ಲ. ಕೀಳುವುದೇ ಹಲವು ವೇಳೆ ಹೆಚ್ಚು ಅಪಾಯಕರ. ಮುಕ್ಕಾಗದ ಹಲಗೆಯು ಅಲುಗದಿರುವವರೆಗೆ ಬಹುಮಟ್ಟಿಗೆ ನಿರುಪದ್ರವಿ. ಕೊರೆದಾಗ ಏಳುವ ಸೂಕ್ಷ್ಮವಾದ ಎಳೆಗಳು ಶ್ವಾಸಕೋಶವನ್ನು ಹೊಕ್ಕರೆ, ದಶಕಗಳ ತರುವಾಯ ಪ್ರಾಣಾಂತಿಕವಾದ ಅರ್ಬುದವು ತಲೆದೋರಬಹುದು. ಆದಕಾರಣ 2012ರ ನಿಬಂಧನೆಗಳ ಮೇರೆಗೆ ಕಟ್ಟಡದ ಹೊಣೆ ಹೊತ್ತವರು ಕಲ್ನಾರಿರುವ ಎಡೆಗಳನ್ನು ಹುಡುಕಿ ದಾಖಲೆಮಾಡತಕ್ಕದ್ದು. ಸಂದೇಹವಿದ್ದಲ್ಲಿ ಅದು ಇದೆಯೆಂದೇ ಭಾವಿಸತಕ್ಕದ್ದು. ಅದರ ಸ್ಥಿತಿಯನ್ನು ಕಾಲಕಾಲಕ್ಕೆ ಪರೀಕ್ಷಿಸತಕ್ಕದ್ದು. ಆ ದಾಖಲೆಯು ಕಪಾಟಿನಲ್ಲಿದ್ದರೆ ಸಾಲದು. ದೀಪದ ತಂತಿಗಾಗಿ ಗೋಡೆ ಕೊರೆಯಬಂದ ಕೆಲಸಗಾರನಿಗೆ, ಅವನು ಉಳಿಯೆತ್ತುವ ಮೊದಲೇ, ಅದನ್ನು ತೋರಿಸಿರಬೇಕು.