ಮಳೆಗೆ ಜಗ್ಗದ ಗಾಳಿಗಲ್ಲು

ಮಳೆಗಾಲ ಬಂತೆಂದರೆ ಮಂಗಳೂರಿನಲ್ಲಿ ಭರಣಿಯ ಉಪ್ಪು ನೀರೊಡೆಯುತ್ತದೆ, ಕಪಾಟಿನ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಇಂಥ ಊರಿನ ಕಾರ್ಖಾನೆಯಲ್ಲಿ ಬಿಸಿ ಪೈಪಿಗೆ ಸುತ್ತಿದ ಹೊದಿಕೆ ಒದ್ದೆಯಾದರೆ ಶಾಖವೂ ಪೋಲು, ಒಳಗಿನ ಉಕ್ಕಿಗೆ ತುಕ್ಕೂ ಗ್ಯಾರಂಟಿ. ಶಾಖ ತಡೆಯುವುದರಲ್ಲಿ ಎತ್ತಿದ ಕೈಯಾದ ಸಿಲಿಕಾ ಏರೋಜೆಲ್ ಕರಾವಳಿಯಲ್ಲಿ ಬಾಳಬೇಕಾದರೆ ಮೊದಲು ನೀರನ್ನು ಗೆಲ್ಲಬೇಕು.

ಏರೋಜೆಲ್‌ನಲ್ಲಿ ಶೇ 90ಕ್ಕೂ ಹೆಚ್ಚು ಭಾಗ ಬರೀ ಗಾಳಿ. ಅದರ ರಂಧ್ರಗಳು ಎಷ್ಟು ಸಣ್ಣವೆಂದರೆ ಗಾಳಿಯ ಅಣುಗಳಿಗೆ ಒಂದಕ್ಕೊಂದು ಡಿಕ್ಕಿ ಹೊಡೆದು ಶಾಖ ದಾಟಿಸಲು ಜಾಗವೇ ಇರುವುದಿಲ್ಲ. 1931ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕಿಸ್ಟ್ಲರ್ ಇದನ್ನು ಮೊದಲು ಲೋಕಕ್ಕೆ ತೋರಿಸಿದರು.

ತಯಾರಿಯ ಕಷ್ಟವೆಲ್ಲ ಒಣಗಿಸುವುದರಲ್ಲಿದೆ. ಒದ್ದೆ ಜೆಲ್ಲನ್ನು ಹಾಗೇ ಒಣಗಲು ಬಿಟ್ಟರೆ, ಆರುತ್ತಿರುವ ದ್ರವ ರಂಧ್ರದ ಗೋಡೆಗಳನ್ನು ಒಳಕ್ಕೆಳೆಯುತ್ತದೆ. ಗೋಡೆಯ ಮೇಲಿನ ಹೈಡ್ರಾಕ್ಸಿಲ್ ಗುಂಪುಗಳು ಒಂದಕ್ಕೊಂದು ಬೆಸೆದುಕೊಂಡು ಜೆಲ್ ಕುಗ್ಗಿದ್ದು ಕುಗ್ಗಿದಂತೆಯೇ ಉಳಿಯುತ್ತದೆ. ಕಿಸ್ಟ್ಲರ್ ಭಾರಿ ಒತ್ತಡದ ಪಾತ್ರೆ ಬಳಸಿ ಇದನ್ನು ತಪ್ಪಿಸಿದರು. ಆದರೆ ಅದೇ ಹೈಡ್ರಾಕ್ಸಿಲ್ ಮುಂದೆ ತೇವಾಂಶವನ್ನೂ ಹೀರಿ ಏರೋಜೆಲ್ಲನ್ನು ಕೆಡಿಸುತ್ತದೆ. ಟ್ರೈಮೀಥೈಲ್‌ಕ್ಲೋರೋಸಿಲೇನ್‌ನಂಥ ರಾಸಾಯನಿಕದಿಂದ ಆ ಜಾಗದಲ್ಲಿ ಮೀಥೈಲ್ ಗುಂಪು ಕೂರಿಸಿದರೆ ಎರಡೂ ಪೀಡೆ ಒಟ್ಟಿಗೆ ತೊಲಗುತ್ತವೆ: ಸಾಮಾನ್ಯ ಒತ್ತಡದಲ್ಲಿ ಒಣಗಿಸಿದರೂ ಕುಗ್ಗಿದ ಜೆಲ್ ಮತ್ತೆ ಅರಳುತ್ತದೆ, ಆಮೇಲೆ ನೀರನ್ನೂ ಹತ್ತಿರ ಸೇರಿಸುವುದಿಲ್ಲ.

ಗಡಿಯಾಚೆಯ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಎ. ವೆಂಕಟೇಶ್ವರ ರಾವ್ ಮತ್ತು ಸಂಗಡಿಗರು ಈ ದಾರಿಯಲ್ಲಿ ಬಹುಕಾಲ ದುಡಿದರು. ಮೀಥೈಲ್ ಮೊದಲೇ ಇರುವ ಮೀಥೈಲ್‌ಟ್ರೈಮೆಥಾಕ್ಸಿಸಿಲೇನ್‌ನಿಂದ ಅವರು ಮಾಡಿದ, ಬಾಗಿಸಿದರೂ ಮುರಿಯದ ಏರೋಜೆಲ್ 2006ರಲ್ಲಿ ಪ್ರಕಟವಾಯಿತು.

ಏರೋಜೆಲ್ ನೀರನ್ನು ದೂರವಿಡುತ್ತದೆಯೇ ಎಂಬ ಪರೀಕ್ಷೆಯಲ್ಲಿ ಕಣ್ಣಿಗೆ ಕಾಣುವುದು ನೀರಿನ ಹನಿ. ಪತ್ರೊಡೆಗೆಂದು ಕೊಯ್ದ ಕೆಸುವಿನೆಲೆಯ ಮೇಲಿನಂತೆ ಅದು ಗುಂಡಗೆ ನಿಂತು, ಕೊಂಚ ವಾಲಿಸಿದರೆ ಉರುಳಿಹೋಗಬೇಕು. ಹನಿ ಮೇಲ್ಮೈಯನ್ನು ಮುಟ್ಟುವ ಕೋನ, ಅಂದರೆ ಸ್ಪರ್ಶಕೋನ, 150 ಡಿಗ್ರಿ ದಾಟಿದರೆ ಅತಿ ಜಲವಿಕರ್ಷಕ ಎಂಬ ಪಟ್ಟ. ಮೀಥೈಲ್ ನಿಜಕ್ಕೂ ಕೂತಿದೆಯೇ ಎಂದು ಅವಗೆಂಪು ವರ್ಣಪಟಲ ಹೇಳುತ್ತದೆ. ನೈಟ್ರೋಜನ್ ಹೀರಿಸಿ ಅಳೆದರೆ ಒಂದೇ ಗ್ರಾಮಿನಲ್ಲಿ 500ರಿಂದ 1,000 ಚದರ ಮೀಟರ್ ಒಳಮೈ ಸಿಗುತ್ತದೆ. ಗಾಳಿಯಲ್ಲಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯಿಸಿದರೆ ಮಾತ್ರ ಮೀಥೈಲ್ ಉರಿದುಹೋಗಿ, ಏರೋಜೆಲ್ ಮತ್ತೆ ನೀರು ಕುಡಿಯತೊಡಗುತ್ತದೆ. ಹಾಗಾಗಿ ಎಲ್ಲ ಬಿಸಿ ಪೈಪಿಗೂ ಇದು ರಾಮಬಾಣವಲ್ಲ.

ಕಚ್ಚಾವಸ್ತುವಿಗೆ ದೂರ ಹೋಗಬೇಕಿಲ್ಲ. ಕುಚ್ಚಲಕ್ಕಿ ಮಿಲ್ಲಿನಲ್ಲಿ ಉರಿಸಿದ ಉಮಿಯ ಬೂದಿಯಲ್ಲಿ ಬಹುಪಾಲು ಸಿಲಿಕಾವೇ. ಕಾಸ್ಟಿಕ್ ಸೋಡಾದಲ್ಲಿ ಕುದಿಸಿದರೆ ಕಿಸ್ಟ್ಲರ್ ಬಳಸಿದ ಸೋಡಿಯಂ ಸಿಲಿಕೇಟೇ ಸಿಗುತ್ತದೆ. ದುಬಾರಿಯಾಗುವುದು ತಯಾರಿಯಲ್ಲಿ ಬಳಸುವ ದ್ರಾವಕಗಳು. ಅವನ್ನು ಮರಳಿ ಹಿಡಿದು ಬಳಸದಿದ್ದರೆ ಬೂದಿ ಪುಕ್ಕಟೆ ಸಿಕ್ಕರೂ ಲೆಕ್ಕ ಕೂಡದು. ಇನ್ನು ಗುಣಮಟ್ಟದ ಮಾತು: ಮೊದಲ ದಿನದ ಸ್ಪರ್ಶಕೋನ ನೋಡಿ ಹಿಗ್ಗುವ ಬದಲು ತುಂಡನ್ನು ಜೂನ್‌ನಲ್ಲಿ ತೂಗಿ, ಹೊರಗಿಟ್ಟು, ಸೆಪ್ಟೆಂಬರ್‌ನಲ್ಲಿ ಮತ್ತೆ ತೂಗಿ. ತೂಕ ಏರಿರದಿದ್ದರೆ ಅದು ಮಂಗಳೂರಿಗೆ ಒಗ್ಗುವ ಸರಕು.