ಮಗುವಿನ ಸುಪರ್ದಿನ ಆಜ್ಞೆಯೂ ಅದರ ಅಮಲ್ಜಾರಿಯೂ

ಭಾರತದಲ್ಲಿ ಕಕ್ಷಿಗಾರನ ಕಷ್ಟಗಳು ಡಿಕ್ರಿ ಕೈಗೆ ಬಂದ ಮೇಲೆಯೇ ಮೊದಲಾಗುತ್ತವೆಂಬ ಅಭಿಪ್ರಾಯವನ್ನು ಪ್ರಿವಿ ಕೌನ್ಸಿಲು 1872ರಲ್ಲಿಯೇ ವ್ಯಕ್ತಪಡಿಸಿತ್ತು. ಹಣದ ಡಿಕ್ರಿಯಾದರೆ ಸಾಲಗಾರನ ಆಸ್ತಿಯನ್ನು ಜಪ್ತಿಮಾಡಿ ಹರಾಜು ಹಾಕಿಸಬಹುದು. ಮಗುವಿನ ಸುಪರ್ದಿನ ವಿಷಯ ಹಾಗಲ್ಲ. ತಂದೆತಾಯಿಗಳು ಬೇರೆಯಾದಾಗ ಮಗು ಯಾರ ಬಳಿ ಬೆಳೆಯಬೇಕು, ಇನ್ನೊಬ್ಬರು ಅದನ್ನು ಎಂದು, ಎಲ್ಲಿ, ಎಷ್ಟು ಹೊತ್ತು ಕಾಣಬೇಕು ಎಂಬುದನ್ನು ನಿರ್ಣಯಿಸಿದ ಆಜ್ಞೆಯನ್ನು ತಂದೆತಾಯಿಗಳಲ್ಲೊಬ್ಬರು ಮೀರಿದರೆ, ಬೇಲಿಫನು ವಸ್ತುವನ್ನೆತ್ತಿ ತಂದಂತೆ ಮಗುವನ್ನು ಎತ್ತಿ ತಂದೊಪ್ಪಿಸುವುದು ಉಚಿತವಲ್ಲ. ಆದಕಾರಣ ಇಂತಹ ಆಜ್ಞೆಯನ್ನು ಜಾರಿಗೆ ತರುವ ಮಾರ್ಗಗಳಾವುವು, ಅವುಗಳ ಬಲವೆಷ್ಟು, ಮಿತಿಯೆಷ್ಟು ಎಂಬುದು ವಿಚಾರಾರ್ಹವಾಗಿದೆ.

ಮುಂಬಯಿ, ಥಾಣೆಗಳ ಕನ್ನಡ ಸಂಸಾರಗಳಿಗೆ ಈ ಪ್ರಶ್ನೆ ವಿಶೇಷ ರೀತಿಯಲ್ಲಿ ಸಂಬಂಧಿಸಿದೆ. ಇಲ್ಲಿನವರ ಮನೆ ಮಹಾರಾಷ್ಟ್ರದಲ್ಲಿ, ಊರು ಕರ್ನಾಟಕದಲ್ಲಿ. ಒಂದು ಕಲ್ಪಿತ ನಿದರ್ಶನವನ್ನು ತೆಗೆದುಕೊಳ್ಳಬಹುದು. ಕಳವಾದ ಪಾರಸಿಕ ನಗರದಲ್ಲಿ ತಾಯಿಯೊಡನೆ ಏಳು ವರ್ಷದ ಹುಡುಗನಿದ್ದಾನೆ. ಖಾಡಿಯ ಸೇತುವೆಯನ್ನು ದಾಟಿದರೆ ಸಿಗುವ ಥಾಣೆಯ ನ್ಯಾಯಾಲಯ ಅವನನ್ನು ತಾಯಿಯ ಸುಪರ್ದಿಗೆ ಒಪ್ಪಿಸಿ, ಬೇಸಿಗೆ ರಜೆಯ ಅರ್ಧ ಭಾಗವನ್ನು ತಂದೆಗೆ ಕೊಟ್ಟಿದೆ. ತಂದೆ ಮಗನನ್ನು ಊರಿಗೆ ಕರೆದೊಯ್ಯುತ್ತಾನೆ. ಕೊಂಕಣ ರೈಲ್ವೆಯ ಗಾಡಿಯಲ್ಲಿ ಥಾಣೆಯಿಂದ ಉಡುಪಿಗೆ ಒಂದು ರಾತ್ರಿಯ ಪ್ರಯಾಣ. ಹೇಳಿದ ದಿನಕ್ಕೆ ಹುಡುಗ ಹಿಂದಿರುಗುವುದಿಲ್ಲ. ಮೊದಲು ಜ್ವರದ ನೆಪ, ಆಮೇಲೆ ಭೂತಕೋಲದ ನೆಪ, ಕೊನೆಗೆ ಅಲ್ಲಿಯ ಶಾಲೆಗೆ ಸೇರಿಸಿಯಾಯಿತೆಂಬ ಸುದ್ದಿ.

ಈ ನಿದರ್ಶನದಲ್ಲಿ ಆಜ್ಞೆಯ ಮಾತುಗಳಲ್ಲಿಯೇ ಒಂದು ದೋಷ ಅಡಗಿದೆ. ಕರ್ನಾಟಕದ ಶಾಲೆಗಳು ಸಾಮಾನ್ಯವಾಗಿ ಮೇ ತಿಂಗಳ ಕೊನೆಗೆ ಅಥವಾ ಜೂನ್ ಮೊದಲಿಗೆ ತೆರೆಯುತ್ತವೆ; ಥಾಣೆಯ ಕಡೆಯ ಶಾಲೆಗಳು ಜೂನ್ ನಡುವೆ. ‘ರಜೆಯ ಅರ್ಧ’ವೆಂದರೆ ಯಾವ ರಾಜ್ಯದ ರಜೆ, ಯಾವ ಅರ್ಧ? ಕಳವಾದ ಶಾಲೆ ಬಾಗಿಲು ತೆರೆಯುವ ಮೊದಲೇ ಹುಡುಗ ಬೇರೊಂದು ಶಾಲೆಯ ಹಾಜರಿ ಪುಸ್ತಕದಲ್ಲಿ ಸೇರಿರಬಹುದು. 2009ರ ಶಿಕ್ಷಣದ ಹಕ್ಕಿನ ಅಧಿನಿಯಮದ 5ನೆಯ ಕಲಮು, ವರ್ಗಾವಣೆಯ ಪ್ರಮಾಣಪತ್ರ ತಡವಾಯಿತೆಂಬ ಕಾರಣಕ್ಕೆ ಪ್ರವೇಶವನ್ನು ನಿರಾಕರಿಸಲಾಗದೆಂದು ವಿಧಿಸುತ್ತದೆ. ಬಡಮಕ್ಕಳ ಹಿತಕ್ಕಾಗಿ ಹೊರಟ ಈ ನಿಯಮ ಇಂತಹ ಪ್ರಸಂಗದಲ್ಲಿ ಆಜ್ಞೆ ಮೀರಿದವನಿಗೂ ಅನುಕೂಲವಾಗುತ್ತದೆ. ಒಪ್ಪಿಸುವ ದಿನಾಂಕ, ವೇಳೆ, ಸ್ಥಳ, ಮಗು ಇರುವ ವಿಳಾಸ, ಶಾಲೆ ಬದಲಾಯಿಸಬಾರದೆಂಬ ಷರತ್ತು, ನ್ಯಾಯಾಲಯದ ಅನುಮತಿಯಿಲ್ಲದೆ ಗೊತ್ತಾದ ಎಲ್ಲೆಯ ಹೊರಗೆ ಒಯ್ಯಬಾರದೆಂಬ ನಿಷೇಧ, ಇವೆಲ್ಲ ಆಜ್ಞೆಯಲ್ಲಿ ಸ್ಪಷ್ಟವಾಗಿದ್ದರೆ ಮಾತ್ರ ಉಲ್ಲಂಘನೆಯನ್ನು ಉಲ್ಲಂಘನೆಯೆಂದು ತೋರಿಸಿಕೊಡುವುದು ಸುಲಭ. ಅಸ್ಪಷ್ಟವಾದ ಆಜ್ಞೆಯನ್ನು ಬೇಕೆಂದೇ ಮೀರಿದನೆಂದು ಸಾಧಿಸುವುದು ಕಷ್ಟ.

ಸುಪರ್ದಿನ ಕಾನೂನಿನ ಮೂಲ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟ್. ಇದು ಎಲ್ಲ ಮತಸ್ಥರಿಗೂ ಅನ್ವಯಿಸುತ್ತದೆ. ಹಿಂದುಗಳ ವಿವಾಹವ್ಯಾಜ್ಯಗಳಲ್ಲಿ 1955ರ ಹಿಂದೂ ವಿವಾಹ ಅಧಿನಿಯಮದ 26ನೆಯ ಕಲಮಿನ ಮೇರೆಗೂ ಸುಪರ್ದಿನ ಆಜ್ಞೆ ಹೊರಡುತ್ತದೆ. ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ಮಕ್ಕಳು ತಾಯಿಯ ಮನೆತನಕ್ಕೆ ಸೇರಿದವರೆಂಬ ಭಾವನೆ ಇಂದಿಗೂ ಬಲವಾಗಿದೆ. ಬಯಲುಸೀಮೆಯ ಅನೇಕ ಮನೆಗಳಲ್ಲಿ ಮಗ ತಂದೆಯ ವಂಶಕ್ಕೆ ಸೇರಿದವನೆಂಬ ಭಾವನೆ ಅಷ್ಟೇ ಬಲವಾಗಿದೆ. ಮೊಮ್ಮಗನನ್ನು ಮನೆಯಲ್ಲಿ ಇರಿಸಿಕೊಂಡ ಅಜ್ಜ ಅಜ್ಜಿಯರು ತಾವು ತಪ್ಪು ಮಾಡುತ್ತಿದ್ದೇವೆಂದು ತಿಳಿಯದಿರಲು ಇದೂ ಒಂದು ಕಾರಣ. ಆದರೆ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವದ ಅಧಿನಿಯಮದ 13ನೆಯ ಕಲಮು ಮಗುವಿನ ಕ್ಷೇಮವೇ ಸರ್ವೋಪರಿಯೆಂದು ವಿಧಿಸಿತು. ಸಂಪ್ರದಾಯ ಯಾವ ಕಡೆಗಿದ್ದರೂ ನ್ಯಾಯಾಲಯದ ಆಜ್ಞೆಯ ಮುಂದೆ ಅದು ನಿಲ್ಲಲಾರದು.

ಆಜ್ಞೆ ಭಂಗವಾದಾಗ ಹಿಡಿಯಬಹುದಾದ ಮಾರ್ಗಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು ಅಮಲ್ಜಾರಿ ಅರ್ಜಿ. 1984ರ ಕುಟುಂಬ ನ್ಯಾಯಾಲಯಗಳ ಅಧಿನಿಯಮದ 18ನೆಯ ಕಲಮಿನಂತೆ ಕುಟುಂಬ ನ್ಯಾಯಾಲಯದ ಆಜ್ಞೆಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ ಬಲವುಂಟು. ಆಜ್ಞೆಯನ್ನು ಪಾಲಿಸಲು ಅವಕಾಶವಿದ್ದೂ ಬೇಕೆಂದೇ ಪಾಲಿಸದವನನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೆಯ ಆದೇಶದ 32ನೆಯ ನಿಯಮದ ಮೇರೆಗೆ ಸಿವಿಲ್ ಸೆರೆಮನೆಯಲ್ಲಿಡಬಹುದು, ಅವನ ಆಸ್ತಿಯನ್ನು ಜಪ್ತಿಮಾಡಬಹುದು.

ಎರಡನೆಯದು 1890ರ ಅಧಿನಿಯಮದಲ್ಲಿಯೇ ಇರುವ ಉಪಾಯ. ಪಾಲಕನ ಸುಪರ್ದಿನಿಂದ ತೆಗೆದೊಯ್ದ ಮಗುವನ್ನು ಹಿಂದಿರುಗಿಸಬೇಕೆಂದು 25ನೆಯ ಕಲಮಿನ ಮೇರೆಗೆ ಆಜ್ಞಾಪಿಸಬಹುದು. ಅದನ್ನು ಪಾಲಿಸದವನಿಗೆ 45ನೆಯ ಕಲಮು 100 ರೂಪಾಯಿಯವರೆಗೆ ದಂಡವನ್ನೂ, ಹಟ ಮುಂದುವರಿದರೆ ದಿನಕ್ಕೆ 10 ರೂಪಾಯಿಯಂತೆ ಒಟ್ಟು 500 ರೂಪಾಯಿ ಮೀರದ ದಂಡವನ್ನೂ ಗೊತ್ತುಮಾಡಿದೆ. 1890ರಲ್ಲಿ ಈ ಮೊತ್ತ ಹೊರೆಯಾಗಿದ್ದಿರಬಹುದು; ಇಂದು ರೈಲಿನ ಟಿಕೇಟಿಗೂ ಸಾಲದು. ಆದರೆ ಅದೇ ಕಲಮು, ಮಗುವನ್ನು ಹಾಜರುಪಡಿಸುವೆನೆಂದು ಒಪ್ಪಿಕೊಳ್ಳುವವರೆಗೆ ಅವನನ್ನು ಸಿವಿಲ್ ಸೆರೆಯಲ್ಲಿಡಬಹುದೆಂದೂ ಹೇಳುತ್ತದೆ. ಕಲಮಿನ ನಿಜವಾದ ಶಕ್ತಿ ಇರುವುದು ಇಲ್ಲಿ. ಸೆರೆಯ ಬೀಗದ ಕೈ ಸೆರೆಯಾದವನ ಬಳಿಯೇ ಇರುತ್ತದೆ. ಮಗುವನ್ನು ಒಪ್ಪಿಸಲು ಸಿದ್ಧನಾದೊಡನೆ ಬಾಗಿಲು ತೆರೆಯುತ್ತದೆ.

ಮೂರನೆಯದು ನ್ಯಾಯಾಂಗ ನಿಂದನೆಯ ಪ್ರಕರಣ. 1971ರ ಅಧಿನಿಯಮದಂತೆ ಆಜ್ಞೆಯನ್ನು ಬುದ್ಧಿಪೂರ್ವಕವಾಗಿ ಮೀರಿದವನಿಗೆ ಉಚ್ಚ ನ್ಯಾಯಾಲಯ ಆರು ತಿಂಗಳವರೆಗೆ ಸಾದಾ ಸೆರೆವಾಸವನ್ನು ವಿಧಿಸಬಹುದು. ಉಲ್ಲಂಘನೆ ನಡೆದ ಒಂದು ವರ್ಷದೊಳಗೆ ಈ ಕ್ರಮ ಆರಂಭವಾಗಬೇಕು. ನಾಲ್ಕನೆಯದು ಹೇಬಿಯಸ್ ಕಾರ್ಪಸ್ ಅರ್ಜಿ. ಮಗುವನ್ನು ಕಾನೂನಿನ ಆಧಾರವಿಲ್ಲದೆ ಇರಿಸಿಕೊಂಡಿದ್ದರೆ ಉಚ್ಚ ನ್ಯಾಯಾಲಯ ಅದನ್ನು ತನ್ನ ಮುಂದೆ ತರಿಸಬಹುದೆಂಬುದನ್ನು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಎತ್ತಿಹಿಡಿಯಿತು. ವಿವರವಾದ ವಿಚಾರಣೆ ಬೇಕಾದಲ್ಲಿ ಕಕ್ಷಿಗಳನ್ನು ಸಿವಿಲ್ ನ್ಯಾಯಾಲಯಕ್ಕೆ ಕಳುಹಿಸಬಹುದೆಂದೂ ಸ್ಪಷ್ಟಪಡಿಸಿತು.

ಪೋಲೀಸರ ಬಳಿ ಹೋಗುವುದು ಜನರಿಗೆ ಮೊದಲು ಹೊಳೆಯುವ ದಾರಿ. ಅದರಿಂದ ದೊರೆಯುವ ಫಲವಾದರೂ ಅಲ್ಪ. ನ್ಯಾಯಾಲಯದ ನಿಷೇಧವಿಲ್ಲದಿದ್ದಾಗ ತಂದೆ ತಾಯಿಯ ಬಳಿಯಿಂದ ತನ್ನ ಮಗುವನ್ನು ಒಯ್ಯುವುದು ಅಪಹರಣವಾಗದೆಂದು ಮುಂಬಯಿ ಉಚ್ಚ ನ್ಯಾಯಾಲಯದ ನಾಗಪುರ ಪೀಠ 2023ರಲ್ಲಿ ತೀರ್ಮಾನಿಸಿದೆ. ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಆಜ್ಞೆಯಿಲ್ಲದವರು ಮೊದಲು ಆಜ್ಞೆಯನ್ನು ಪಡೆಯಬೇಕು. ಆಜ್ಞೆಯುಳ್ಳವರು ಅದರ ದೃಢೀಕೃತ ಪ್ರತಿಯನ್ನು ಸದಾ ಕೈಯಲ್ಲಿರಿಸಿಕೊಂಡು, ಅಗತ್ಯವಾದರೆ ಪೋಲೀಸರ ನೆರವನ್ನು ನ್ಯಾಯಾಲಯದ ಮೂಲಕವೇ ಕೇಳಬೇಕು.

ಕಳವಾದ ಆ ತಾಯಿಯ ಮುಂದಿನ ತೊಡಕು ರಾಜ್ಯದ ಗಡಿ. ಥಾಣೆಯ ಆಜ್ಞೆ ಉಡುಪಿಯಲ್ಲಿ ನಡೆಯದೆಂಬ ಭಯ ಸಾಮಾನ್ಯವಾಗಿದೆ. ಅದು ನಿರಾಧಾರವಾದುದು. ಮೇಲೆ ಹೇಳಿದ 18ನೆಯ ಕಲಮಿನ ಮೇರೆಗೆ ಆಜ್ಞೆಯನ್ನು ಬೇರೊಂದು ಕುಟುಂಬ ನ್ಯಾಯಾಲಯಕ್ಕಾಗಲಿ, ಸಿವಿಲ್ ನ್ಯಾಯಾಲಯಕ್ಕಾಗಲಿ ಅಮಲ್ಜಾರಿಗಾಗಿ ಕಳುಹಿಸಬಹುದು. ತಂದೆ ಉಡುಪಿಯಲ್ಲಿ ಹೊಸದೊಂದು ಅರ್ಜಿ ಹಾಕಿ, ಮಗು ಈಗ ಇಲ್ಲಿಯೇ ವಾಸವಾಗಿದೆಯೆಂದು ವಾದಿಸಬಹುದು. ಮಗು ಸಾಧಾರಣವಾಗಿ ವಾಸಿಸುವ ಸ್ಥಳದ ನ್ಯಾಯಾಲಯಕ್ಕೇ ಅಧಿಕಾರವೆಂದು 1890ರ ಅಧಿನಿಯಮದ 9ನೆಯ ಕಲಮು ಹೇಳುತ್ತದೆ. ಹಿಂದಿರುಗಿಸುವ ಷರತ್ತಿನ ಮೇಲೆ ಕರೆದೊಯ್ದ ಮಗುವಿನ ರಜೆಯ ಬೀಡು ಅದರ ಸಾಧಾರಣ ವಾಸವಾಗಲಾರದೆಂಬುದನ್ನು ತಾಯಿ ಕೂಡಲೇ ಆ ನ್ಯಾಯಾಲಯದ ಗಮನಕ್ಕೆ ತರಬೇಕು. ಎರಡು ರಾಜ್ಯಗಳಲ್ಲಿ ವ್ಯಾಜ್ಯ ನಡೆದರೆ ಅದನ್ನು ಒಂದೆಡೆಗೆ ವರ್ಗಾಯಿಸುವ ಅಧಿಕಾರ ಸರ್ವೋಚ್ಚ ನ್ಯಾಯಾಲಯಕ್ಕುಂಟು.

ಗಡಿ ದೇಶದ್ದಾದಾಗ ಕಷ್ಟ ಹೆಚ್ಚುತ್ತದೆ. ಮಕ್ಕಳ ಅಂತರರಾಷ್ಟ್ರೀಯ ಅಪಹರಣವನ್ನು ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ನ್ಯೂಯಾರ್ಕಿನ ಆಜ್ಞೆಯನ್ನು ಮೀರಿ ಭಾರತಕ್ಕೆ ತಂದ ಬಾಲಕನೊಬ್ಬನನ್ನು ಹಲವು ರಾಜ್ಯಗಳ ಪೋಲೀಸರು ಪತ್ತೆಹಚ್ಚಲಾರದೆ ಹೋಗಿ, ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದಂತೆ ಸಿ.ಬಿ.ಐ. 2009ರಲ್ಲಿ ಅವನನ್ನು ಚೆನ್ನೈಯಲ್ಲಿ ಪತ್ತೆಮಾಡಿತು. ಅಮೆರಿಕದಿಂದ 2020ರಲ್ಲಿ ಬೆಂಗಳೂರಿಗೆ ಕರೆತರಲಾದ ಬಾಲಕನೊಬ್ಬನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಅವನು ಹಿಂದಿರುಗಬೇಕೆಂದು ಆಜ್ಞಾಪಿಸುತ್ತ, ಮಗುವಿನ ಇಷ್ಟ ಬೇರೆ, ಮಗುವಿನ ಹಿತ ಬೇರೆಯೆಂಬ ವಿವೇಕವನ್ನು ತೋರಿತು.

ಈ ಎಲ್ಲ ಮಾರ್ಗಗಳಿಗೂ ಸಮಾನವಾದ ಒಂದು ಶತ್ರುವುಂಟು; ಅದು ಕಾಲ. ತಿಂಗಳುಗಳು ಕಳೆದಂತೆ ಹುಡುಗ ಹೊಸ ಶಾಲೆಗೆ ಹೊಂದಿಕೊಳ್ಳುತ್ತಾನೆ, ಗೆಳೆಯರನ್ನು ಸಂಪಾದಿಸುತ್ತಾನೆ, ದೂರದ ತಾಯಿಯನ್ನು ಮರೆಯದಿದ್ದರೂ ಅವಳ ಬಳಿಗೆ ಹೋಗಲು ಅಳುಕುತ್ತಾನೆ. ಆಗ ಆಜ್ಞೆಯನ್ನು ಮೀರಿದವನೇ ಮಗುವಿನ ಕ್ಷೇಮದ ಹೆಸರಿನಲ್ಲಿ ವಾದಿಸತೊಡಗುತ್ತಾನೆ. ಸುಪರ್ದಿನ ಆಜ್ಞೆಗಳು ಶಾಶ್ವತವಲ್ಲ, ಪರಿಸ್ಥಿತಿ ಬದಲಾದಂತೆ ಅವುಗಳನ್ನು ಮಾರ್ಪಡಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ 1973ರಲ್ಲಿಯೇ ಹೇಳಿರುವುದರಿಂದ ಆ ವಾದಕ್ಕೆ ಕೆಲವೊಮ್ಮೆ ಮನ್ನಣೆಯೂ ದೊರೆಯುತ್ತದೆ. ಅದೇ ತತ್ತ್ವ ಇನ್ನೊಂದು ಕಡೆಗೂ ಸಲ್ಲುತ್ತದೆ. ಭೇಟಿಯ ಅವಕಾಶವನ್ನು ಪದೇ ಪದೇ ದುರುಪಯೋಗಪಡಿಸಿಕೊಂಡವರ ಭೇಟಿಯನ್ನು ನ್ಯಾಯಾಲಯ ಮೇಲ್ವಿಚಾರಣೆಗೆ ಒಳಪಡಿಸಬಹುದು. ಮಗುವನ್ನು ತಂದೆಗೆ ತೋರಿಸದೆ ಬಚ್ಚಿಟ್ಟ ತಾಯಿಯ ಸುಪರ್ದನ್ನೇ ಬದಲಾಯಿಸಲೂಬಹುದು. ಆದ್ದರಿಂದ ಒಬ್ಬರು ಆಜ್ಞೆ ಮೀರಿದರೆಂದು ಇನ್ನೊಬ್ಬರೂ ಮೀರುವುದು, ಜೀವನಾಂಶ ಬರಲಿಲ್ಲವೆಂದು ಭೇಟಿಯನ್ನು ತಡೆಯುವುದು, ಮಗುವನ್ನು ಬಲಾತ್ಕಾರದಿಂದ ಮರಳಿ ಎಳೆತರುವುದು ಹಾನಿಕರ.

ಕಳವಾದ ತಾಯಿ ಮಾಡಬೇಕಾದುದು ಇಷ್ಟು. ಹಿಂದಿರುಗಬೇಕಾದ ದಿನ ಕಳೆದೊಡನೆ ಬರಹದ ಮೂಲಕ ಕೇಳಬೇಕು, ಉತ್ತರಗಳನ್ನು ಜೋಪಾನವಾಗಿಡಬೇಕು, ಎರಡೂ ಶಾಲೆಗಳಿಗೆ ಆಜ್ಞೆಯ ಪ್ರತಿಯನ್ನು ಕಳುಹಿಸಬೇಕು, ವಾರಗಳನ್ನು ಕಳೆಯದೆ ಥಾಣೆಯಲ್ಲಿ ಅಮಲ್ಜಾರಿ ಅರ್ಜಿಯನ್ನು ಹಾಕಬೇಕು. ವ್ಯಾಜ್ಯ ಮುಗಿಯುವವರೆಗೆ ಮಗನೊಡನೆ ದೂರವಾಣಿಯಲ್ಲಿ ಮಾತನಾಡುವ ಅವಕಾಶವನ್ನೂ ಅದರಲ್ಲಿಯೇ ಕೇಳಬೇಕು. ಇಂತಹ ಸಂಪರ್ಕವೂ ಮಗುವಿನ ಹಿತಕ್ಕೆ ಅವಶ್ಯವೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಹೇಳಿದೆ. ನ್ಯಾಯಾಲಯ ಹುಡುಗನನ್ನು ಹಿಂದಕ್ಕೆ ತರಿಸೀತು. ಅಮ್ಮನ ದನಿ ಅವನಿಗೆ ಅಪರಿಚಿತವಾಗದಂತೆ ಅಲ್ಲಿಯವರೆಗೆ ನೋಡಿಕೊಳ್ಳಬೇಕಾದುದು ಈ ಸಣ್ಣ ಕೋರಿಕೆಯಿಂದ.